ಗೇಟಿನ ಕ್ಯಾಮೆರಾ ಹಜಾರದ ಟಿವಿಗೆ ಬರುವ ದಾರಿ

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ತಾಲ್ಲೂಕುಗಳ ತೋಟದ ಮನೆಗಳಲ್ಲಿ ಬೆಳಗಿನ ಜಾವ ಬಾಗಿಲು ತೆಗೆಯುವ ಮುನ್ನ ಅಂಗಳದಲ್ಲಿ ಆನೆ ನಿಂತಿಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು ಈಗ ನಿತ್ಯದ ಕೆಲಸಗಳಲ್ಲೊಂದು. ಇನ್ನು ಕೊಯ್ಲಿನ ತಿಂಗಳುಗಳಲ್ಲಿ ಕಣದಲ್ಲಿ ಹರವಿದ ಕಾಫಿಯನ್ನೂ ಅದರ ಹಿಂದೆಯೇ ಬರುವ ಕಾಳುಮೆಣಸನ್ನೂ ಕಾಯಬೇಕು. ಹೀಗಾಗಿ ಗೇಟಿಗೊಂದು, ಕಣಕ್ಕೊಂದು, ಗೋದಾಮಿಗೊಂದು, ಹಿತ್ತಲಿಗೊಂದು ಎಂದು ನಾಲ್ಕು ಕ್ಯಾಮೆರಾ ಹಾಕಿಸುವುದು ನಮ್ಮ ಕಡೆ ರೂಢಿಗೆ ಬಂದಿದೆ. ಹಾಕಿದವರು ಎಲ್ಲವನ್ನೂ ಮನೆಯ ಮಗನ ಅಥವಾ ಮಗಳ ಫೋನಿಗೆ ಜೋಡಿಸಿ ಹೊರಟುಬಿಡುತ್ತಾರೆ. ಮಕ್ಕಳು ಬೆಂಗಳೂರಿನಲ್ಲಿ ಕುಳಿತು ಗೇಟನ್ನು ನೋಡುತ್ತಾರೆ. ಅದೇ ಗೇಟಿನಿಂದ ನಲವತ್ತು ಮೀಟರ್ ಒಳಗೆ ಮಲಗಿರುವ ತಂದೆತಾಯಿಗೆ ಅದು ಕಾಣುವುದಿಲ್ಲ.

ಮೂಡಿಗೆರೆಯ ಹತ್ತಿರದ ನಮ್ಮ ಮನೆಯಲ್ಲೂ ಎರಡು ವರ್ಷ ಹೀಗೆಯೇ ನಡೆಯಿತು. ಕೊನೆಗೊಂದು ದಿನ ಅಮ್ಮ ಕನ್ನಡಕ ಏರಿಸಿ, ಫೋನನ್ನು ಒಮ್ಮೆ ಹತ್ತಿರಕ್ಕೂ ಒಮ್ಮೆ ದೂರಕ್ಕೂ ಹಿಡಿದು ನೋಡಿ, “ಇದ್ರಲ್ಲಿ ಆನೆನೂ ಇರುವೆ ಥರನೇ ಕಾಣ್ತದಲ್ಲ ಮಾರಾಯ, ಅಷ್ಟು ದೊಡ್ಡ ಟಿವಿ ಗೋಡೆ ಮೇಲಿದೆ, ಅದ್ರಲ್ಲಿ ಬರೋ ಹಾಗೆ ಮಾಡಕ್ಕಾಗಲ್ವಾ?” ಎಂದು ಕೇಳಿದರು. ಆಗುತ್ತದೆ. ಆದರೆ ಹೇಗೆ ಎಂದು ಕೇಳಿದರೆ ಅಂಗಡಿಯವರು ಒಂದು ಕೇಬಲ್ ಕೊಡುತ್ತಾರೆ, ಕ್ಯಾಮೆರಾ ಹಾಕಿದ ಹುಡುಗ ಒಂದು ಆ್ಯಪ್ ಹೇಳುತ್ತಾನೆ, ಯೂಟ್ಯೂಬು ಹತ್ತು ದಾರಿ ತೋರಿಸುತ್ತದೆ. ಈ ದಾರಿಗಳು ಎಲ್ಲಿ ಕವಲೊಡೆಯುತ್ತವೆ ಎಂಬುದು ತಿಳಿದರೆ ಯಾವುದು ನಮ್ಮ ಮನೆಗೆ ಸರಿ ಎಂದು ನಾವೇ ನಿರ್ಧರಿಸಬಹುದು.

ಕವಲೊಡೆಯುವ ಜಾಗ ಒಂದೇ. ಇಂದಿನ ಸಾಮಾನ್ಯ ಕ್ಯಾಮೆರಾದ ಒಂದು ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಬಣ್ಣದ ಚುಕ್ಕೆಗಳಿರುತ್ತವೆ. ಪ್ರತಿ ಚುಕ್ಕೆಗೆ 24 ಬಿಟ್‌ನಂತೆ, ಸೆಕೆಂಡಿಗೆ 25 ಚಿತ್ರದಂತೆ ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 124 ಕೋಟಿ ಬಿಟ್ ಆಗುತ್ತದೆ. ಇಷ್ಟನ್ನು ಸಾಮಾನ್ಯ ಮನೆಯ ವೈಫೈ ಸಲೀಸಾಗಿ ಹೊರಲಾರದು, ಯಾವ ಹಾರ್ಡ್‌ಡಿಸ್ಕೂ ಬಹಳ ದಿನ ಹಿಡಿದಿಡಲಾರದು. ಆದ್ದರಿಂದ ಚಿತ್ರವನ್ನು ಎಚ್.264 ಅಥವಾ ಎಚ್.265 ಎಂಬ ವಿಧಾನದಲ್ಲಿ ಒತ್ತಿ, ಒಂದು ಚಿತ್ರದಿಂದ ಮುಂದಿನದಕ್ಕೆ ಬದಲಾಗದ ಗೋಡೆ, ಮರ, ನೆಲಗಳನ್ನು ಮತ್ತೆ ಮತ್ತೆ ಕಳುಹಿಸದೆ, ಬದಲಾದಷ್ಟನ್ನೇ ಬರೆದು, ಸೆಕೆಂಡಿಗೆ 20ರಿಂದ 40 ಲಕ್ಷ ಬಿಟ್‌ಗೆ, ಎಂದರೆ 2ರಿಂದ 4 ಎಂಬಿಪಿಎಸ್‌ಗೆ ಇಳಿಸಲಾಗುತ್ತದೆ. ಹೀಗೆ ಗಂಟು ಕಟ್ಟಿದ ಚಿತ್ರವನ್ನು ತೋರಿಸುವ ಮುನ್ನ ಯಾರಾದರೂ ಬಿಚ್ಚಲೇಬೇಕು. ಆ ಗಂಟನ್ನು ಬಿಚ್ಚುವವರು ಯಾರು ಮತ್ತು ಗಂಟು ಯಾವ ದಾರಿಯಲ್ಲಿ ಅವರ ಕೈ ಸೇರುತ್ತದೆ ಎಂಬುದರ ಮೇಲೆಯೇ ಉಳಿದೆಲ್ಲವೂ ನಿಂತಿದೆ: ರೆಕಾರ್ಡರ್ ಪೆಟ್ಟಿಗೆಯೇ ಬಿಚ್ಚಿ ಟಿವಿಗೆ ತಂತಿಯಲ್ಲಿ ಕೊಡಬಹುದು, ಮನೆಯೊಳಗಿನ ನೆಟ್‌ವರ್ಕ್‌ನಲ್ಲಿ ಬಂದ ಗಂಟನ್ನು ಟಿವಿಯೇ ಬಿಚ್ಚಿಕೊಳ್ಳಬಹುದು, ಇಲ್ಲವೇ ಗಂಟು ಕ್ಯಾಮೆರಾ ಕಂಪನಿಯ ಸರ್ವರ್‌ವರೆಗೆ ಹೋಗಿ ಅಲ್ಲಿಂದ ನಮ್ಮ ಹಜಾರಕ್ಕೆ ಮರಳಿ ಬರಬಹುದು.

ತಂತಿಯ ದಾರಿ

ನಮ್ಮ ಕಡೆಯ ಬಹುತೇಕ ಮನೆಗಳಲ್ಲಿ ಕ್ಯಾಮೆರಾಗಳ ಜೊತೆಗೆ ಒಂದು ಪೆಟ್ಟಿಗೆ ಇದ್ದೇ ಇರುತ್ತದೆ. ಡಿಶ್ ಕೇಬಲ್‌ನಂಥ ಕೋ-ಆಕ್ಸಿಯಲ್ ತಂತಿ ಬಂದು ಸೇರುವ ಪೆಟ್ಟಿಗೆಯಾದರೆ ಅದು ಡಿವಿಆರ್. ಕಂಪ್ಯೂಟರಿನ ಲ್ಯಾನ್ ತಂತಿ ಬಂದು ಸೇರಿದರೆ ಅದು ಎನ್‌ವಿಆರ್. ಎರಡರ ಹಿಂಬದಿಯಲ್ಲೂ ಸಾಮಾನ್ಯವಾಗಿ ಒಂದು ಎಚ್‌ಡಿಎಂಐ ಕಿಂಡಿ ಇರುತ್ತದೆ. ಅದನ್ನು ಟಿವಿಯ ಎಚ್‌ಡಿಎಂಐ ಕಿಂಡಿಗೆ ಜೋಡಿಸಿ ರಿಮೋಟಿನ ಸೋರ್ಸ್ ಗುಂಡಿ ಒತ್ತಿದರೆ ನಾಲ್ಕೂ ಕ್ಯಾಮೆರಾಗಳು ಟಿವಿಯಲ್ಲಿ ಬರುತ್ತವೆ. ಚಿತ್ರ ಬಿಚ್ಚುವ ಕೆಲಸವನ್ನು ಪೆಟ್ಟಿಗೆಯೇ ಮುಗಿಸಿರುವುದರಿಂದ ಟಿವಿ ಸ್ಮಾರ್ಟ್ ಆಗಿರಬೇಕಿಲ್ಲ, ಆ್ಯಪ್ ಬೇಡ, ಪಾಸ್‌ವರ್ಡ್ ಬೇಡ, ಇಂಟರ್ನೆಟ್ಟಂತೂ ಬೇಡವೇ ಬೇಡ. ಗೇಟಿನಲ್ಲಿ ಆದದ್ದಕ್ಕೂ ಟಿವಿಯಲ್ಲಿ ಕಂಡದ್ದಕ್ಕೂ ನಡುವಿನ ವಿಳಂಬ ಕಣ್ಣಿಗೆ ಗೊತ್ತಾಗದಷ್ಟು ಕಡಿಮೆ. ವಯಸ್ಸಾದವರಿರುವ ಮನೆಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ನಾನು ಕಂಡಿಲ್ಲ, ಮತ್ತು ಇದು ಸಾಧ್ಯವಿರುವಲ್ಲಿ ಬೇರೆ ದಾರಿ ಹುಡುಕುವುದು ಅನಗತ್ಯ ಎಂಬುದು ನನ್ನ ಅಭಿಪ್ರಾಯ.

ತೊಡಕು ಇರುವುದು ದೂರದಲ್ಲಿ. ಎಚ್‌ಡಿಎಂಐ ಎಂಬುದು ಪಕ್ಕಪಕ್ಕದಲ್ಲಿರುವ ಎರಡು ಯಂತ್ರಗಳಿಗಾಗಿ ಮಾಡಿದ ತಂತಿ. ಬಿಚ್ಚಿದ ಚಿತ್ರದ ಕೋಟಿಗಟ್ಟಲೆ ಬಿಟ್‌ಗಳನ್ನು ಹಾಗೆಯೇ ಹೊರುವುದರಿಂದ ಸಾಮಾನ್ಯ ತಾಮ್ರದ ಎಚ್‌ಡಿಎಂಐ ತಂತಿ ಹತ್ತು ಹದಿನೈದು ಮೀಟರ್ ದಾಟಿದ ಮೇಲೆ ನಂಬಿಕೆಗೆ ಅರ್ಹವಲ್ಲ. ಇದು ಗೊತ್ತಿಲ್ಲದೆ ನಾನು ಮಾಳಿಗೆಯ ಕೋಣೆಯಲ್ಲಿದ್ದ ಡಿವಿಆರ್‌ನಿಂದ ಹಜಾರದವರೆಗೆ ಇಪ್ಪತ್ತು ಮೀಟರಿನ ತಂತಿಯನ್ನು ಪೈಪಿನೊಳಗೆ ಎಳೆಸಿ, ಗೋಡೆಗೆ ಗಾರೆ ಹಾಕಿಸಿ, ಸುಣ್ಣವನ್ನೂ ಬಳಿಸಿದ ನಂತರ ಟಿವಿ ಹಾಕಿ ನೋಡಿದೆ. ಚಿತ್ರ ಎರಡು ಸೆಕೆಂಡು ಬಂದು, ಬಿಳಿ ಚುಕ್ಕಿಗಳು ಮಿನುಗಿ, ‘ನೋ ಸಿಗ್ನಲ್’ ಎಂದು ನಿಂತಿತು. ಹಾಸನದ ಎಂಸಿಎಫ್ ಎಂಬ ನಿಯಂತ್ರಣ ಕೇಂದ್ರದಲ್ಲಿ 1982ರಿಂದ ಇಸ್ರೋದವರು ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದ್ದಾರೆ. ನನಗೆ ಇಪ್ಪತ್ತು ಮೀಟರ್ ದಾಟಿಸಲಾಗಲಿಲ್ಲ.

ಇದಕ್ಕೆ ಸರಿಯಾದ ಪರಿಹಾರ ಎಚ್‌ಡಿಎಂಐ ಎಕ್ಸ್‌ಟೆಂಡರ್ ಎಂಬ ಜೋಡಿ ಡಬ್ಬಿ. ಒಂದು ಡಬ್ಬಿ ಡಿವಿಆರ್ ಪಕ್ಕದಲ್ಲಿ, ಇನ್ನೊಂದು ಟಿವಿ ಹಿಂದೆ, ನಡುವೆ ಒಂದು ಕ್ಯಾಟ್-6 ಲ್ಯಾನ್ ತಂತಿ. ಐವತ್ತು ಮೀಟರ್‌ವರೆಗೆ ಹೋಗುವ ಡಬ್ಬಿಗಳು ಸುಲಭವಾಗಿ ಸಿಗುತ್ತವೆ. ಕೊಳ್ಳುವಾಗ ಎರಡು ವಿಷಯ ಗಮನಿಸಬೇಕು. ಸಾಮಾನ್ಯ ಎಕ್ಸ್‌ಟೆಂಡರಿನ ಲ್ಯಾನ್ ತಂತಿ ನೇರವಾಗಿ ಡಬ್ಬಿಯಿಂದ ಡಬ್ಬಿಗೆ ಹೋಗಬೇಕೇ ಹೊರತು, ತಂತಿ ಒಂದೇ ಥರ ಕಾಣುತ್ತದೆಂದು ನಡುವೆ ರೂಟರ್‌ಗೋ ನೆಟ್‌ವರ್ಕ್ ಸ್ವಿಚ್‌ಗೋ ಚುಚ್ಚಬಾರದು. ಎರಡನೆಯದಾಗಿ, ಡಿವಿಆರ್ ನಡೆಯುವುದು ಮೌಸಿನಿಂದ, ಆ ಮೌಸು ಉಳಿಯುವುದು ಮಾಳಿಗೆಯಲ್ಲಿ. ಹಜಾರದಲ್ಲಿ ಕುಳಿತು ಒಂದು ಕ್ಯಾಮೆರಾವನ್ನು ದೊಡ್ಡದು ಮಾಡಿ ನೋಡಬೇಕೆಂದರೆ ಯುಎಸ್‌ಬಿಯನ್ನೂ ಜೊತೆಯಲ್ಲೇ ಒಯ್ಯುವ ಎಕ್ಸ್‌ಟೆಂಡರ್ ಬೇಕು. ಅದಿಲ್ಲದಿದ್ದರೆ ಡಿವಿಆರ್‌ನಲ್ಲಿರುವ ಟೂರ್ ಸೌಲಭ್ಯವನ್ನು ಹಾಕಿ, ನಾಲ್ಕು ಕ್ಯಾಮೆರಾಗಳು ಸರದಿಯ ಮೇಲೆ ಹತ್ತು ಹತ್ತು ಸೆಕೆಂಡು ಪೂರ್ಣ ಪರದೆಯಲ್ಲಿ ಬರುವಂತೆ ಮಾಡಬಹುದು.

ಡಿವಿಆರನ್ನೇ ತಂದು ಟಿವಿಯ ಕೆಳಗಿಟ್ಟರೆ ಎಕ್ಸ್‌ಟೆಂಡರ್ ಖರ್ಚು ಉಳಿಯುತ್ತದಲ್ಲವೇ ಎಂದು ಕೇಳುವವರಿದ್ದಾರೆ. ಉಳಿಯುತ್ತದೆ, ಆದರೆ ಕಳ್ಳ ಬಂದವನು ಟಿವಿಯ ಜೊತೆಗೆ ತನ್ನ ಚಿತ್ರವಿರುವ ಪೆಟ್ಟಿಗೆಯನ್ನೂ ಹೊತ್ತುಕೊಂಡು ಹೋಗುತ್ತಾನೆ. ಆ ಪೆಟ್ಟಿಗೆಯ ಹಾರ್ಡ್‌ಡಿಸ್ಕಿನಲ್ಲಿ ಎಷ್ಟು ದಿನದ ದಾಖಲೆ ಇರುತ್ತದೆ ಎಂಬುದಕ್ಕೂ ಲೆಕ್ಕ ಸುಲಭ: 2 ಎಂಬಿಪಿಎಸ್‌ನ ಒಂದು ಕ್ಯಾಮೆರಾ ದಿನಕ್ಕೆ 21.6 ಜಿಬಿ ತುಂಬಿಸುತ್ತದೆ, ನಾಲ್ಕು ಕ್ಯಾಮೆರಾ 86 ಜಿಬಿ, ಆದ್ದರಿಂದ ಒಂದು ಟಿಬಿಯ ಡಿಸ್ಕ್ ಹನ್ನೊಂದು ದಿನಕ್ಕೆ ಮುಗಿದು ಹಳೆಯದರ ಮೇಲೆ ಹೊಸದನ್ನು ಬರೆಯಲು ಶುರುಮಾಡುತ್ತದೆ.

ಎಲ್ಲವೂ ಸರಿಯಿದ್ದೂ ಟಿವಿ ಕಪ್ಪಾಗಿಯೇ ಉಳಿದರೆ ಹೆಚ್ಚಾಗಿ ಕಾರಣ ಡಿವಿಆರ್‌ನ ಔಟ್‌ಪುಟ್ ರೆಸಲ್ಯೂಷನ್. ಟಿವಿ ಒಪ್ಪದ ಅಳತೆಯಲ್ಲಿ ಪೆಟ್ಟಿಗೆ ಚಿತ್ರ ಕಳುಹಿಸುತ್ತಿರುತ್ತದೆ. ಸಣ್ಣ ಮಾನಿಟರನ್ನು ತಾತ್ಕಾಲಿಕವಾಗಿ ಜೋಡಿಸಿ ಅದನ್ನು 1920×1080ಕ್ಕೆ, ಹಳೆಯ 32 ಇಂಚಿನ ಟಿವಿಯಾದರೆ ಇನ್ನೂ ಕೆಳಗೆ 1280×720ಕ್ಕೆ ಇಳಿಸಿದರೆ ಚಿತ್ರ ಬರುತ್ತದೆ.

ಟಿವಿಯೇ ಬಿಚ್ಚಿಕೊಳ್ಳುವ ದಾರಿ

ತಂತಿ ಎಳೆಯಲು ಆಗದ ಮನೆಗಳಿವೆ. ಹಳೆಯ ತೊಟ್ಟಿಮನೆಯ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಗೆ ರಂಧ್ರ ಕೊರೆಯಲು ಮನೆಯ ಹಿರಿಯರು ಒಪ್ಪುವುದಿಲ್ಲ. ಕೆಲವರ ಕ್ಯಾಮೆರಾಗಳಿಗೆ ರೆಕಾರ್ಡರ್ ಪೆಟ್ಟಿಗೆಯೇ ಇರುವುದಿಲ್ಲ, ಒಳಗೆ ಮೆಮೊರಿ ಕಾರ್ಡ್ ಹಾಕಿಕೊಂಡು ವೈಫೈಗೆ ಸೇರಿಕೊಂಡಿರುತ್ತವೆ. ಅಲ್ಲಿ ಉಪಯೋಗಕ್ಕೆ ಬರುವುದು ಆರ್‌ಟಿಎಸ್‌ಪಿ. ಇದು 1998ರಲ್ಲಿ ಮಾನದಂಡವಾಗಿ ಪ್ರಕಟವಾದ, ಕ್ಯಾಮೆರಾದಿಂದ ನೇರ ಚಿತ್ರವನ್ನು ಕೇಳಿ ಪಡೆಯುವ ಒಂದು ಕ್ರಮ. ಒಂದು ಕಂಪನಿಯ ಕ್ಯಾಮೆರಾ ಇನ್ನೊಂದು ಕಂಪನಿಯ ರೆಕಾರ್ಡರ್ ಜೊತೆ ಮಾತಾಡಬೇಕೆಂದು ಆಕ್ಸಿಸ್, ಬಾಷ್, ಸೋನಿ ಕಂಪನಿಗಳು 2008ರಲ್ಲಿ ಕಟ್ಟಿದ ಓನ್‌ವಿಫ್ ಒಕ್ಕೂಟದ ನಿಯಮಗಳೂ ಚಿತ್ರ ಸಾಗಿಸಲು ಇದನ್ನೇ ಬಳಸುತ್ತವೆ. ಆದ್ದರಿಂದ ಕ್ಯಾಮೆರಾ ಪೆಟ್ಟಿಗೆಯ ಮೇಲೆ ಓನ್‌ವಿಫ್ ಎಂದಿದ್ದರೆ ಈ ದಾರಿ ಸಾಮಾನ್ಯವಾಗಿ ತೆರೆದಿರುತ್ತದೆ. ಡಿವಿಆರ್ ಇರುವವರಿಗೂ ಇದು ಸಾಧ್ಯ. ಹಳೆಯ ಕೋ-ಆಕ್ಸಿಯಲ್ ಕ್ಯಾಮೆರಾಗಳ ಚಿತ್ರವನ್ನು ಡಿವಿಆರ್ ತಾನೇ ಗಂಟು ಕಟ್ಟಿ ನೆಟ್‌ವರ್ಕ್‌ಗೆ ಹಂಚುತ್ತದೆ.

ಟಿವಿಯ ಬ್ರೌಸರ್ ತೆರೆದು ಕ್ಯಾಮೆರಾದ ವಿಳಾಸ ಹಾಕಿ, ಏನೂ ಬರದೆ ಬೇಸತ್ತವರನ್ನು ನಾನು ನೋಡಿದ್ದೇನೆ. ಬ್ರೌಸರ್‌ಗಳು ಆರ್‌ಟಿಎಸ್‌ಪಿಯನ್ನು ನೇರವಾಗಿ ತೋರಿಸುವುದಿಲ್ಲ. ಆಂಡ್ರಾಯ್ಡ್ ಟಿವಿಯಲ್ಲಿ, ಅಥವಾ ಸಾದಾ ಟಿವಿಗೆ ಚುಚ್ಚಿ ಅದನ್ನು ಸ್ಮಾರ್ಟ್ ಮಾಡುವ ಸ್ಟಿಕ್‌ನಲ್ಲಿ, ವಿಎಲ್‌ಸಿ ಅಥವಾ ಟೈನಿಕ್ಯಾಮ್‌ನಂಥ ಆ್ಯಪ್ ಹಾಕಿಕೊಳ್ಳಬೇಕು. ವಿಎಲ್‌ಸಿ ಉಚಿತ, ಆದರೆ ಒಮ್ಮೆಗೆ ಒಂದೇ ಕ್ಯಾಮೆರಾ. ನಾಲ್ಕನ್ನು ಒಟ್ಟಿಗೆ ನೋಡಲು ಟೈನಿಕ್ಯಾಮ್‌ನಂಥದ್ದೇ ಬೇಕು.

ವಿಳಾಸ ಬರೆಯುವುದು ಈ ದಾರಿಯ ಅತ್ಯಂತ ತಾಳ್ಮೆಗೆಡಿಸುವ ಭಾಗ. ಮೊದಲು ಆರ್‌ಟಿಎಸ್‌ಪಿ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ, ಕೋಲನ್, ಎರಡು ಓರೆಗೆರೆ, ಬಳಕೆದಾರನ ಹೆಸರು, ಮತ್ತೆ ಕೋಲನ್, ಪಾಸ್‌ವರ್ಡ್, ಆಮೇಲೆ @ ಚಿಹ್ನೆ, ಕ್ಯಾಮೆರಾದ ಐಪಿ ವಿಳಾಸ ಎಂದರೆ ಮನೆಯ ನೆಟ್‌ವರ್ಕ್‌ನಲ್ಲಿ ಅದರ ಸಂಖ್ಯೆ, ಉದಾಹರಣೆಗೆ 192.168.1.64, ಮತ್ತೆ ಕೋಲನ್, ಪೋರ್ಟ್ ಸಂಖ್ಯೆ 554, ಕೊನೆಗೆ ಕಂಪನಿಯಿಂದ ಕಂಪನಿಗೆ ಬದಲಾಗುವ ಒಂದು ಬಾಲ. ಬಾಲದಲ್ಲಿ ಯಾವ ಕ್ಯಾಮೆರಾ ಮತ್ತು ದೊಡ್ಡ ಚಿತ್ರವೋ ಚಿಕ್ಕದೋ ಎಂಬುದು ಇರುತ್ತದೆ. ಅದನ್ನು ಆಯಾ ಕಂಪನಿಯ ಕೈಪಿಡಿಯಿಂದ ನೋಡಿಕೊಳ್ಳಬೇಕು. ಇದೆಲ್ಲವನ್ನೂ ರಿಮೋಟಿನ ನಾಲ್ಕು ಬಾಣದ ಗುಂಡಿಗಳಿಂದ ಅಕ್ಷರ ಅಕ್ಷರವಾಗಿ ಕುಕ್ಕಿ, ಕೊನೆಗೆ ಒತ್ತಿದಾಗ ‘ತೆರೆಯಲಾಗುತ್ತಿಲ್ಲ’ ಎಂದು ಬಂದರೆ ಸಿಟ್ಟು ಬರುವುದು ಸಹಜ. ನನಗೆ ಹೀಗೆ ಒಂದು ಇಡೀ ಭಾನುವಾರ ಹೋಯಿತು. ಕಾರಣ ಪಾಸ್‌ವರ್ಡ್‌ನೊಳಗೇ ಇದ್ದ ಒಂದು @. ಅದನ್ನು ಕಂಡ ಆ್ಯಪ್, ಪಾಸ್‌ವರ್ಡ್ ಅಲ್ಲಿಗೇ ಮುಗಿಯಿತು, ಮುಂದಿನದೆಲ್ಲ ವಿಳಾಸ ಎಂದು ತಿಳಿಯುತ್ತದೆ. ಅಂಥ ಕಡೆ ಆ ಚಿಹ್ನೆಯ ಬದಲು %40 ಎಂದು ಬರೆಯಬೇಕು. ಅದಕ್ಕಿಂತ ಸುಲಭವಾದದ್ದು, ಟಿವಿಗೆಂದು ಮಾಡುವ ಪಾಸ್‌ವರ್ಡ್‌ನಲ್ಲಿ ಅಕ್ಷರ ಮತ್ತು ಅಂಕಿಗಳನ್ನಷ್ಟೇ ಬಳಸಿ ಅದನ್ನು ಉದ್ದ ಮಾಡುವುದು.

ಇನ್ನೊಂದು ಉಪದ್ರವವೆಂದರೆ ಕರೆಂಟ್ ಹೋಗಿ ಬಂದಾಗ ರೂಟರ್ ಕ್ಯಾಮೆರಾಕ್ಕೆ ಹೊಸ ಐಪಿ ವಿಳಾಸ ಕೊಡುವುದು. ನಿನ್ನೆ 64 ಇದ್ದದ್ದು ಇಂದು 67 ಆಗಿರುತ್ತದೆ, ಟಿವಿ ಹಳೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ. ರೂಟರಿನ ಸೆಟ್ಟಿಂಗ್‌ನಲ್ಲಿ ಆಯಾ ಕ್ಯಾಮೆರಾಕ್ಕೆ ಆಯಾ ವಿಳಾಸವನ್ನೇ ಕಾಯ್ದಿರಿಸಿದರೆ ಇದು ಮರುಕಳಿಸುವುದಿಲ್ಲ. ಹಾಗೆಯೇ ಟಿವಿಯನ್ನು ಗೆಸ್ಟ್ ವೈಫೈಗೆ ಸೇರಿಸಿದ್ದರೆ ಅದಕ್ಕೆ ಕ್ಯಾಮೆರಾ ಕಾಣದಿರಬಹುದು, ಏಕೆಂದರೆ ಅತಿಥಿಗಳ ಜಾಲ ಮನೆಯ ಇತರ ಯಂತ್ರಗಳನ್ನು ಮುಟ್ಟದಂತೆ ಬೇರ್ಪಡಿಸುವುದೇ ಅದರ ಉದ್ದೇಶ.

ಚಿತ್ರ ನಿಂತು ನಿಂತು ಬರುತ್ತಿದ್ದರೆ ಬಹುತೇಕರು ದೂರುವುದು ವೈಫೈಯನ್ನು, ಆದರೆ ತಪ್ಪು ಹೆಚ್ಚಾಗಿ ನಮ್ಮ ದುರಾಸೆಯದು. ಪ್ರತಿ ಕ್ಯಾಮೆರಾವೂ ಒಂದೇ ದೃಶ್ಯವನ್ನು ಎರಡು ಗಂಟುಗಳಾಗಿ ಕಳುಹಿಸಬಲ್ಲದು: ದಾಖಲಿಸಲು ಮೇನ್ ಸ್ಟ್ರೀಮ್ ಎಂಬ ದೊಡ್ಡದು, ನೋಡಲು ಸಬ್ ಸ್ಟ್ರೀಮ್ ಎಂಬ ಚಿಕ್ಕದು. ನಾಲ್ಕು ಕ್ಯಾಮೆರಾಗಳನ್ನು ಒಟ್ಟಿಗೆ ತೋರಿಸುವಾಗ 1920×1080ರ ಟಿವಿಯಲ್ಲಿ ಪ್ರತಿ ಕ್ಯಾಮೆರಾಕ್ಕೆ ಸಿಗುವ ಜಾಗ 960×540 ಮಾತ್ರ. ಹದಿನಾರು ಕ್ಯಾಮೆರಾ ಹಾಕಿದರೆ 480×270. ಅಷ್ಟು ಸಣ್ಣ ಕಿಟಕಿಗೆ ಪೂರ್ಣ ಅಳತೆಯ ಚಿತ್ರ ತಂದು ಬಿಚ್ಚಿ, ಮತ್ತೆ ಕುಗ್ಗಿಸುವುದರಲ್ಲಿ ಅರ್ಥವಿಲ್ಲ. ಸಬ್ ಸ್ಟ್ರೀಮ್ ಸಾಮಾನ್ಯವಾಗಿ ಅರ್ಧ ಎಂಬಿಪಿಎಸ್‌ನ ಆಸುಪಾಸಿನಲ್ಲಿರುವುದರಿಂದ ನಾಲ್ಕೂ ಸೇರಿದರೂ ದುರ್ಬಲ ವೈಫೈಗೆ ಭಾರವಾಗದು. ನಾಲ್ಕರ ನೋಟಕ್ಕೆ ಚಿಕ್ಕದನ್ನೂ, ಒಂದನ್ನೇ ಪೂರ್ಣ ಪರದೆಗೆ ತಂದಾಗ ದೊಡ್ಡದನ್ನೂ ಇಟ್ಟುಕೊಳ್ಳುವುದು ಸರಿಯಾದ ಕ್ರಮ.

ಎಚ್.264 ಬಂದದ್ದು 2003ರಲ್ಲಿ, ಎಚ್.265 ಬಂದದ್ದು 2013ರಲ್ಲಿ. ಹೊಸದು ಅದೇ ಗುಣಮಟ್ಟದ ಚಿತ್ರವನ್ನು ಹೆಚ್ಚುಕಡಿಮೆ ಅರ್ಧ ಗಾತ್ರಕ್ಕೆ ಇಳಿಸುತ್ತದೆ, ಆದ್ದರಿಂದ ಕ್ಯಾಮೆರಾ ಹಾಕುವವರು ಎಲ್ಲದಕ್ಕೂ ಅದನ್ನೇ ಇಟ್ಟುಹೋಗುತ್ತಾರೆ. ಆದರೆ ಹಳೆಯ ಟಿವಿ ಮತ್ತು ಅಗ್ಗದ ಸ್ಟಿಕ್‌ಗಳಲ್ಲಿ ಎಚ್.265 ಬಿಚ್ಚುವ ಚಿಪ್ ಇರುವುದಿಲ್ಲ, ಇದ್ದರೂ ಒಮ್ಮೆಗೆ ಒಂದೆರಡನ್ನು ಬಿಚ್ಚುವಷ್ಟೇ ಶಕ್ತಿ ಇರುತ್ತದೆ. ನಾಲ್ಕರಲ್ಲಿ ಎರಡು ಬಂದು ಎರಡು ಕಪ್ಪಾಗಿ ಉಳಿದರೆ ಇದೇ ಕಾರಣವಿರಬಹುದು. ದಾಖಲಾತಿಯನ್ನು ಎಚ್.265ರಲ್ಲೇ ಬಿಟ್ಟು, ಸಬ್ ಸ್ಟ್ರೀಮನ್ನು ಮಾತ್ರ ಎಚ್.264ಕ್ಕೆ ಬದಲಿಸಿದರೆ ಡಿಸ್ಕಿನ ಉಳಿತಾಯವೂ ಉಳಿಯುತ್ತದೆ, ಟಿವಿಗೂ ಸಲೀಸಾಗುತ್ತದೆ. ಎಚ್.265ರ ಮುಂದೆ ಕೂಡುವ ಚಿಹ್ನೆ ಇರುವ ವಿಧಾನಗಳು ಆಯಾ ಕಂಪನಿಯ ಸ್ವಂತದವು. ಬೇರೆಯವರ ಆ್ಯಪ್‌ನಲ್ಲಿ ಚಿತ್ರ ಒಡೆದರೆ ಅದನ್ನು ಆಫ್ ಮಾಡಿ ನೋಡಬೇಕು.

ಟಿವಿಯ ಹಿಂದೆ ಲ್ಯಾನ್ ಕಿಂಡಿ ಇದ್ದು ತಂತಿ ತಲುಪುವುದಾದರೆ ವೈಫೈಗಿಂತ ಅದೇ ಮೇಲು. ಬಹಳಷ್ಟು ಟಿವಿಗಳ ಲ್ಯಾನ್ ಕಿಂಡಿ 100 ಎಂಬಿಪಿಎಸ್‌ನದು ಎಂದು ಗೊಣಗುವವರಿದ್ದಾರೆ, ಆದರೆ ನಾಲ್ಕು ಕ್ಯಾಮೆರಾಗಳಿಗೆ ಹದಿನಾರು ಸಾಕು. ಲ್ಯಾನ್ ತಂತಿಯೂ ನೂರು ಮೀಟರ್‌ವರೆಗೆ ಮಾತ್ರ. ಗೇಟು ಅದಕ್ಕಿಂತ ದೂರವಿದ್ದರೆ ನಡುವೆ ಸ್ವಿಚ್ ಇಡಬೇಕು, ಇಲ್ಲವೇ ಫೈಬರ್ ಎಳೆಯಬೇಕು.

ಊರು ಸುತ್ತಿ ಬರುವ ದಾರಿ

ಮೂರನೆಯದು ಜಾಹೀರಾತುಗಳಲ್ಲಿ ಕಾಣುವ ದಾರಿ. ಅಲೆಕ್ಸಾ ಅಥವಾ ಗೂಗಲ್‌ಗೆ ಗೇಟು ತೋರಿಸು ಎಂದರೆ ಟಿವಿಯಲ್ಲಿ ಗೇಟು ಬರುತ್ತದೆ. ಜೋಡಣೆ ಸುಲಭ, ಕ್ಯಾಮೆರಾ ಕಂಪನಿಯ ಖಾತೆಯನ್ನು ಟಿವಿಯ ಖಾತೆಗೆ ಸೇರಿಸಿದರೆ ಮುಗಿಯಿತು. ಆದರೆ ಇಲ್ಲಿ ಬಹುಪಾಲು ಸಂದರ್ಭಗಳಲ್ಲಿ ನಮ್ಮ ಅಂಗಳದ ಚಿತ್ರ ಅಂಗಳದಿಂದ ಕಂಪನಿಯ ಸರ್ವರ್‌ಗೆ ಹೋಗಿ, ಅಲ್ಲಿಂದ ಹಜಾರಕ್ಕೆ ಬರುತ್ತದೆ. ಈ ಪ್ರಯಾಣಕ್ಕೆ ಕೆಲವು ಸೆಕೆಂಡು ಹಿಡಿಯುತ್ತದೆ; ಚಿತ್ರವನ್ನು ಆರಾರು ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ ಕಳುಹಿಸುವ ವಿಧಾನವಾದರೆ ಹತ್ತು ಹದಿನೈದು ಸೆಕೆಂಡೂ ಆಗುತ್ತದೆ. ಅಂಚೆಯವರು ಬಂದರೇ ಎಂದು ನೋಡುವುದಕ್ಕೆ ಅದು ದೊಡ್ಡದಲ್ಲ. ಟಿವಿಯಲ್ಲಿ ಗೇಟಿನ ಬಳಿ ನಿಂತಂತೆ ಕಾಣುವ ಆನೆ ಅಷ್ಟರಲ್ಲಿ ಜಗಲಿಯ ಮುಂದೆ ಬಂದಿರಬಹುದು ಎಂಬಲ್ಲಿ ಅದು ದೊಡ್ಡದೇ.

ಅದಕ್ಕಿಂತ ಮುಖ್ಯವಾದ ದೋಷವನ್ನು ಮಲೆನಾಡಿನವರು ಮಳೆಗಾಲದಲ್ಲಿ ಅನುಭವಿಸುತ್ತಾರೆ. ಮರ ಬಿದ್ದು ಫೈಬರ್ ತುಂಡಾದ ದಿನ, ಕ್ಯಾಮೆರಾಕ್ಕೂ ಟಿವಿಗೂ ಕರೆಂಟ್ ಇದ್ದು, ಎರಡೂ ಒಂದೇ ಸೂರಿನಡಿ ಇದ್ದರೂ ಚಿತ್ರ ಬರುವುದಿಲ್ಲ, ಏಕೆಂದರೆ ಅವೆರಡೂ ಪರಸ್ಪರ ಮಾತಾಡುವುದು ಸರ್ವರ್ ಮೂಲಕ. ಆದ್ದರಿಂದ ಇದನ್ನು ಹೆಚ್ಚುವರಿ ಅನುಕೂಲವೆಂದು ಇಟ್ಟುಕೊಳ್ಳಬಹುದೇ ಹೊರತು ಇದೊಂದನ್ನೇ ನೆಚ್ಚಬಾರದು.

ಬೇರೆ ಗತಿಯಿಲ್ಲದವರೂ ಇದ್ದಾರೆ. ಬ್ರಾಡ್‌ಬ್ಯಾಂಡ್ ತಲುಪದ ತೋಟದ ಮೂಲೆಗೆ ಹಾಕಿದ 4ಜಿ ಸಿಮ್ ಕ್ಯಾಮೆರಾ ಮನೆಯ ನೆಟ್‌ವರ್ಕ್‌ನಲ್ಲೇ ಇರುವುದಿಲ್ಲ. ಅದರ ಚಿತ್ರ ಇಂಟರ್ನೆಟ್ ಮೂಲಕವೇ ಬರಬೇಕು, ಮತ್ತು ಅದನ್ನು ದಿನವಿಡೀ ಟಿವಿಯಲ್ಲಿ ಹಾಕಿಟ್ಟರೆ ಸಿಮ್‌ನ ಡೇಟಾ ಉಳಿಯುವುದಿಲ್ಲ: 1 ಎಂಬಿಪಿಎಸ್‌ನ ಚಿತ್ರವೂ ದಿನಕ್ಕೆ 10.8 ಜಿಬಿ ನುಂಗುತ್ತದೆ. ಬ್ಯಾಟರಿ ಮತ್ತು ಸೌರಫಲಕದ ಕ್ಯಾಮೆರಾಗಳು ಚಲನೆ ಕಂಡಾಗಷ್ಟೇ ಎಚ್ಚರಗೊಳ್ಳುವಂಥವು. ಸದಾ ಟಿವಿಯಲ್ಲಿ ತೋರಿಸುವುದು ಅವುಗಳ ಕೆಲಸವಲ್ಲ. ಫೋನಿನ ಪರದೆಯನ್ನೇ ಟಿವಿಗೆ ಕನ್ನಡಿಯಂತೆ ಹಾಯಿಸುವುದು ಒಂದು ಗಳಿಗೆಗೆ ಸರಿ. ಕರೆ ಬಂದರೆ ಯಾರ ಕರೆಯೆಂದು ಹಜಾರದಲ್ಲಿ ಕುಳಿತ ಎಲ್ಲರಿಗೂ ತಿಳಿಯುತ್ತದೆ, ಫೋನು ಹೊರಗೆ ಹೋದರೆ ಚಿತ್ರವೂ ಹೋಗುತ್ತದೆ.

ನಮ್ಮ ಜೊತೆ ಇನ್ನಾರು ನೋಡುತ್ತಿದ್ದಾರೆ

2016ರಲ್ಲಿ ಮಿರಾಯ್ ಎಂಬ, ನಮ್ಮ ಮಾರಾಯನಿಗೆ ಯಾವ ಸಂಬಂಧವೂ ಇಲ್ಲದ, ದುಷ್ಟ ತಂತ್ರಾಂಶವೊಂದು ಜಗತ್ತಿನಾದ್ಯಂತ ಕ್ಯಾಮೆರಾ ಮತ್ತು ಡಿವಿಆರ್‌ಗಳನ್ನು ವಶಪಡಿಸಿಕೊಂಡಿತು. ಅದು ಬಳಸಿದ್ದು ಕಾರ್ಖಾನೆಯಿಂದ ಬರುವಾಗಲೇ ಇದ್ದ, ಯಾರೂ ಬದಲಿಸದ, ಸುಮಾರು ಅರವತ್ತು ಹೆಸರು-ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿಯನ್ನು ಮಾತ್ರ. ಆ ವರ್ಷದ ಅಕ್ಟೋಬರ್ 21ರಂದು ಈ ಯಂತ್ರಗಳ ಸೇನೆ ಡೈನ್ ಎಂಬ ಅಮೆರಿಕದ ಇಂಟರ್ನೆಟ್ ಸೇವಾ ಕಂಪನಿಯ ಮೇಲೆ ಮುಗಿಬಿದ್ದು, ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ಸಿಗದಂತಾದವು. ನಮ್ಮ ಮನೆಯ ಡಿವಿಆರ್ ಹಾಕಿದವರು ತಮ್ಮ ಎಲ್ಲ ಗಿರಾಕಿಗಳಿಗೂ ಒಂದೇ ಪಾಸ್‌ವರ್ಡ್ ಇಟ್ಟಿದ್ದರೆಂಬುದು ನನಗೆ ತಿಳಿದದ್ದು ಪಕ್ಕದ ತೋಟದವರು “ನಮ್ದೂ ಅದೇನೇ” ಎಂದು ನಕ್ಕಾಗ.

ಟಿವಿಯಲ್ಲಿ ನೋಡುವ ವ್ಯವಸ್ಥೆ ಮಾಡುವಾಗ ಈ ವಿಷಯಕ್ಕೆ ವಿಶೇಷ ಮಹತ್ವವಿದೆ, ಏಕೆಂದರೆ ಹಾಕಿದ ಪಾಸ್‌ವರ್ಡ್ ಟಿವಿಯೊಳಗೇ ಉಳಿದುಬಿಡುತ್ತದೆ. ಆದ್ದರಿಂದ ಅಡ್ಮಿನ್ ಖಾತೆಯನ್ನು ಟಿವಿಗೆ ಕೊಡಬಾರದು. ಡಿವಿಆರ್‌ನಲ್ಲಿ ಟಿವಿಗೆಂದೇ ಬೇರೆ ಬಳಕೆದಾರನನ್ನು ಮಾಡಿ, ನೇರ ಚಿತ್ರ ನೋಡುವ ಅನುಮತಿಯನ್ನಷ್ಟೇ ಕೊಟ್ಟು, ಅಳಿಸುವ ಮತ್ತು ಬದಲಿಸುವ ಅನುಮತಿಗಳನ್ನು ತೆಗೆಯಬೇಕು. ಹಳೆಯ ಟಿವಿಯನ್ನು ಎಕ್ಸ್‌ಚೇಂಜ್‌ಗೆ ಕೊಡುವ ಮುನ್ನ ಫ್ಯಾಕ್ಟರಿ ರೀಸೆಟ್ ಮಾಡುವುದನ್ನು ಮರೆಯಬಾರದು. ಹೊರಗಿನಿಂದಲೂ ಕಾಣಲೆಂದು ರೂಟರ್‌ನಲ್ಲಿ 554ನೇ ಪೋರ್ಟ್ ತೆರೆದಿಡುವುದಂತೂ ಗೇಟಿನ ಬೀಗದ ಕೈಯನ್ನು ಗೇಟಿಗೇ ನೇತುಹಾಕಿದಂತೆ. ಹೊಸ ಕ್ಯಾಮೆರಾ ಕೊಳ್ಳುವವರು ಅದು ಸರ್ಕಾರದ ಭದ್ರತಾ ಪರೀಕ್ಷೆ ದಾಟಿದೆಯೇ ಎಂದೂ ಕೇಳಬಹುದು: ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2024ರಲ್ಲಿ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆಯನ್ನು ಕಡ್ಡಾಯಗೊಳಿಸುವ ಅಧಿಸೂಚನೆ ಹೊರಡಿಸಿದೆ.

ಫೋನಿನಲ್ಲಿ ಒಬ್ಬರು ನೋಡುವುದಕ್ಕೂ ಹಜಾರದ ಟಿವಿಯಲ್ಲಿ ಬಂದವರೆಲ್ಲ ನೋಡುವುದಕ್ಕೂ ವ್ಯತ್ಯಾಸವಿದೆ. ನಮ್ಮ ಹಿತ್ತಲಿನ ಕ್ಯಾಮೆರಾದ ಒಂದು ಮೂಲೆಯಲ್ಲಿ ತೋಟದ ಕಾರ್ಮಿಕರ ಲೈನ್ ಮನೆಗಳ ಬಚ್ಚಲು ಬೀಳುತ್ತಿತ್ತು. ಫೋನಿನಲ್ಲಿ ಅದು ಗಮನಕ್ಕೇ ಬಂದಿರಲಿಲ್ಲ, 43 ಇಂಚಿನ ಪರದೆಯಲ್ಲಿ ಮೊದಲ ದಿನವೇ ಕಂಡಿತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಒಪ್ಪಿಗೆಯಿಲ್ಲದೆ ವ್ಯಕ್ತಿಯ ಖಾಸಗಿ ಅಂಗಗಳ ಚಿತ್ರ ಸೆರೆಹಿಡಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಕ್ಯಾಮೆರಾವನ್ನು ತಿರುಗಿಸುವುದು ಮೊದಲ ಪರಿಹಾರ. ತಿರುಗಿಸಲಾಗದಿದ್ದರೆ ಪ್ರೈವೆಸಿ ಮಾಸ್ಕ್ ಎಂಬ ಸೌಲಭ್ಯದಿಂದ ಆ ಭಾಗದ ಮೇಲೆ ಕಪ್ಪು ಚೌಕ ಹಾಕಬಹುದು, ಅದು ದಾಖಲೆಯಲ್ಲೂ ಕಪ್ಪಾಗಿಯೇ ಉಳಿಯುತ್ತದೆ.

ಸಿಡಿಲು, ಕರೆಂಟು, ಮಂಜು

ತಂತಿಯ ದಾರಿಯನ್ನು ಅಷ್ಟು ಹೊಗಳಿದ ಮೇಲೆ ಅದರ ಒಂದು ದೋಷವನ್ನೂ ಹೇಳಬೇಕು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಗೇಟಿನ ಕಂಬದ ಹತ್ತಿರ ಸಿಡಿಲು ಬಡಿದರೆ, ಉದ್ದನೆಯ ತಾಮ್ರದ ತಂತಿಯಲ್ಲಿ ಹುಟ್ಟುವ ಹೆಚ್ಚುವರಿ ವಿದ್ಯುತ್ತು ಕ್ಯಾಮೆರಾದಿಂದ ಡಿವಿಆರ್‌ಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ಟಿವಿಗೆ ಬರಬಹುದು. ಟಿವಿಯ ಪ್ಲಗ್ ಕಿತ್ತಿಟ್ಟರೂ ಈ ದಾರಿ ತೆರೆದೇ ಇರುತ್ತದೆ. ಆದ್ದರಿಂದ ಗುಡುಗು ಕೇಳಿದಾಗ ಪ್ಲಗ್ಗಿನ ಜೊತೆಗೆ ಎಚ್‌ಡಿಎಂಐ ತಂತಿಯನ್ನೂ ಎಳೆಯಬೇಕು. ದೂರದ ಗೇಟಿಗೆ ಗಾಜಿನ ಎಳೆಯ ಫೈಬರ್ ಹಾಕಿ, ಎರಡು ತುದಿಗೆ ಫೈಬರನ್ನು ಲ್ಯಾನ್ ತಂತಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಇಟ್ಟರೆ ವಿದ್ಯುತ್ತು ಆ ಎಳೆಯಲ್ಲಿ ಹರಿಯುವುದಿಲ್ಲ. ಹೆಚ್ಚುವರಿ ವಿದ್ಯುತ್ತನ್ನು ನೆಲಕ್ಕೆ ಹರಿಸುವ ಸರ್ಜ್ ಪ್ರೊಟೆಕ್ಟರ್ ಹಾಕುವುದಾದರೆ ಅರ್ಥಿಂಗ್ ಸರಿಯಿರಬೇಕು, ಇಲ್ಲದಿದ್ದರೆ ಅದು ಹೆಸರಿಗೆ ಮಾತ್ರ. ವೈಫೈಯಿಂದ ಚಿತ್ರ ಪಡೆಯುವ ಟಿವಿಗೆ ಕ್ಯಾಮೆರಾದ ತಂತಿಯಿಂದ ಈ ಭಯವಿಲ್ಲ. ಆ ಒಂದು ವಿಷಯದಲ್ಲಿ ಎರಡನೆಯ ದಾರಿ ಗೆಲ್ಲುತ್ತದೆ.

ಇನ್ವರ್ಟರ್‌ಗೆ ಡಿವಿಆರ್ ಮತ್ತು ಟಿವಿಯನ್ನು ಜೋಡಿಸಿ ರೂಟರನ್ನೋ ಕ್ಯಾಮೆರಾಗಳಿಗೆ ಕರೆಂಟ್ ಕೊಡುವ ಅಡಾಪ್ಟರನ್ನೋ ಮರೆಯುವುದು ಸಾಮಾನ್ಯ ತಪ್ಪು. ಸರಪಳಿಯ ಒಂದು ಕೊಂಡಿ ಕತ್ತಲಲ್ಲಿದ್ದರೂ ಟಿವಿ ಕತ್ತಲೆಯೇ. ಟಿವಿಯ ಸೆಟ್ಟಿಂಗ್‌ನಲ್ಲಿ ಆನ್ ಮಾಡಿದಾಗ ಕೊನೆಯ ಸೋರ್ಸ್‌ಗೇ ಬರುವ ಆಯ್ಕೆ ಇದ್ದರೆ ಅದನ್ನು ಹಾಕಿಡಬೇಕು, ಇಲ್ಲದಿದ್ದರೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ಮಗನಿಗೆ ಫೋನು ಬರುತ್ತದೆ. ಒಎಲ್‌ಇಡಿ ಟಿವಿ ಇರುವವರು ಕ್ಯಾಮೆರಾಗಳನ್ನು ದಿನವಿಡೀ ಹಾಕಿಡಬಾರದು. ಮೂಲೆಯಲ್ಲಿ ಸದಾ ನಿಂತಿರುವ ದಿನಾಂಕದ ಅಕ್ಷರಗಳು ಪರದೆಯಲ್ಲಿ ಅಚ್ಚೊತ್ತಿ ಉಳಿಯಬಹುದು.

ಜುಲೈ ತಿಂಗಳ ರಾತ್ರಿಗಳಲ್ಲಿ ಇಷ್ಟೆಲ್ಲ ಮಾಡಿದ ಮೇಲೂ ಟಿವಿಯಲ್ಲಿ ನಾಲ್ಕು ಬಿಳಿ ಚೌಕಗಳು ಮಾತ್ರ ಕಾಣಿಸಿದವು. ಕೆಟ್ಟಿದ್ದು ಯಾವುದೂ ಅಲ್ಲ. ಕ್ಯಾಮೆರಾದ ಕಣ್ಣಿನ ಸುತ್ತಲೂ ಇರುವ, ನಮಗೆ ಕಾಣದ ಅತಿಗೆಂಪು ದೀಪಗಳ ಬೆಳಕು ಮಂಜಿನ ಹನಿಗಳಿಗೆ ತಾಗಿ ಅದೇ ಕಣ್ಣಿಗೆ ಮರಳಿ ಬರುತ್ತಿತ್ತು; ಮಂಜಿನಲ್ಲಿ ಚಾರ್ಮಾಡಿ ಘಾಟಿ ಹತ್ತುವಾಗ ಕಾರಿನ ಹೈಬೀಮ್ ಹಾಕಿದರೆ ರಸ್ತೆಯ ಬದಲು ಬಿಳಿ ಗೋಡೆ ಕಾಣುವಂತೆ. ಗೇಟಿನ ಕ್ಯಾಮೆರಾದ ಅತಿಗೆಂಪು ದೀಪಗಳನ್ನು ಸೆಟ್ಟಿಂಗ್‌ನಲ್ಲಿ ಆರಿಸಿ, ಕ್ಯಾಮೆರಾದಿಂದ ಎಂಟು ಹತ್ತು ಅಡಿ ಪಕ್ಕಕ್ಕೆ, ಗೇಟಿನ ಕಂಬದ ಮೇಲೆ ಒಂದು ಸಾದಾ ಎಲ್‌ಇಡಿ ಬಲ್ಬ್ ಹಾಕಿದೆವು. ಬೆಳಕು ಪಕ್ಕದಿಂದ ಬೀಳುವುದರಿಂದ ಮಂಜಿನ ನಡುವೆಯೂ ಗೇಟಿನ ಸರಳುಗಳು ಕಾಣುತ್ತವೆ. ಆ ಬಲ್ಬಿನ ಹುಳಗಳಿಗೆಂದು ಜೇಡ ಬಂದು ಕ್ಯಾಮೆರಾದ ಮುಖಕ್ಕೇ ಬಲೆ ಕಟ್ಟುತ್ತದೆ, ವಾರಕ್ಕೊಮ್ಮೆ ಅಪ್ಪ ಉದ್ದನೆಯ ಕೋಲಿಗೆ ಪೊರಕೆ ಕಟ್ಟಿಕೊಂಡು ಅದನ್ನು ಬಿಡಿಸುತ್ತಾರೆ, ಮತ್ತು ಅಮ್ಮ ಒಳಗೆ ಟಿವಿ ನೋಡುತ್ತಾ “ಇನ್ನೂ ಸ್ವಲ್ಪ ಎಡಕ್ಕೆ” ಎಂದು ಕೂಗಿ ಹೇಳುತ್ತಾರೆ.